ಐಮಂಗಲದ ಹೆದ್ದಾರಿಯೂ ಎಂಜಿನ್ನಿನ ಹದವೂ

ಹಿರಿಯೂರನ್ನು ಬಿಟ್ಟು ಚಿತ್ರದುರ್ಗದ ಕಡೆಗೆ ಹೊರಟ ಪ್ರಯಾಣಿಕನಿಗೆ ವೇದಾವತಿಯ ದಂಡೆಯ ತೆಂಗಿನ ತೋಟಗಳೂ ವಾಣಿವಿಲಾಸ ಸಾಗರದ ನಾಲೆಗಳ ಹಸುರೂ ಕೆಲವೇ ಮೈಲಿಗಳಲ್ಲಿ ಹಿಂದಾಗಿ, ಕುರುಚಲು ಗುಡ್ಡ, ಕಲ್ಲುಬಯಲು, ಎಡೆಬಿಡದ ಗಾಳಿ, ನೆತ್ತಿಯ ಮೇಲಣ ಸೂರ್ಯ ಇವಿಷ್ಟೇ ಜೊತೆಯಾಗುವ ಸುಮಾರು 40 ಕಿಲೋಮೀಟರಿನ ಹಾದಿಯಲ್ಲಿ, ನಡುವೆ ಎನ್ನಬಹುದಾದ ಸ್ಥಳದಲ್ಲಿ ಐಮಂಗಲವಿದೆ. ಅದು ಹೋಬಳಿಯ ಊರು. ಪೊಲೀಸ್ ತರಬೇತಿ ಶಾಲೆಯಿಂದಾಗಿ ದೂರದವರಿಗೂ ಅದರ ಹೆಸರು ಪರಿಚಿತವಾಗಿದೆ. ಆದರೆ ನನ್ನ ಬಾಲ್ಯದ ಐಮಂಗಲ ಬೇರೆ. ಅದು ಬೇಸಗೆಯ ಮಧ್ಯಾಹ್ನ ಲಾರಿಗಳು ಮೂಗಿನಿಂದ ಹಬೆಯುಗುಳುತ್ತ ಬಂದು ನಿಲ್ಲುತ್ತಿದ್ದ ಊರು. ಅಪರಿಚಿತನೊಬ್ಬನು ಖಾಲಿ ಡಬ್ಬ ಹಿಡಿದು ಬಾಗಿಲಿಗೆ ಬಂದು, ತನಗಲ್ಲ, ತನ್ನ ಗಾಡಿಗೆ ನೀರು ಕೇಳುತ್ತಿದ್ದ ಊರು. ಈ ದಾರಿಯಲ್ಲಿ ಯಂತ್ರವು ತನ್ನ ಶಾಖವನ್ನು ಹೇಗೆ ಕಾಪಾಡಿಕೊಂಡಿತು, ಈ ನೆಲದ ನೀರು ಅದಕ್ಕೆ ಹೇಗೆ ಪ್ರಾಣವೂ ಆಗಿ ಕ್ರಮೇಣ ರೋಗವೂ ಆಯಿತು ಎಂಬುದನ್ನು, ಕಂಡವರು ಇನ್ನೂ ಇರುವಾಗಲೇ ಬರೆದಿಡಬೇಕೆಂಬುದು ನನ್ನ ಬಹುದಿನದ ಬಯಕೆ.

ದಾರಿ ಮೋಟಾರಿಗಿಂತ ಹಳೆಯದು. ಮಾರ್ಕ್ ಕಬ್ಬನ್ನರು ಮೈಸೂರಿನ ಕಮಿಷನರಾಗಿದ್ದ 1834ರಿಂದ 1861ರವರೆಗಿನ ಕಾಲದಲ್ಲಿ ಸಂಸ್ಥಾನದ ಹೆದ್ದಾರಿಗಳು ಒಂದು ರೂಪಕ್ಕೆ ಬಂದುವು. 1868ರಲ್ಲಿ ಹರಿಹರದ ಬಳಿ ತುಂಗಭದ್ರೆಯ ಸೇತುವೆ ಮುಗಿದ ಮೇಲೆ ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಗಾಡಿಗಳಿಗೆ ನದಿಯ ಅಡ್ಡಿಯೂ ತಪ್ಪಿತು. ರೈಲುಹಾದಿಯಾದರೋ ತುಮಕೂರಿನಿಂದ ಪಶ್ಚಿಮಕ್ಕೆ ತಿರುಗಿ ಅರಸೀಕೆರೆ ಬೀರೂರುಗಳನ್ನು ಬಳಸಿ ದಾವಣಗೆರೆಯನ್ನು ಮುಟ್ಟಿತೇ ಹೊರತು ಶಿರಾ, ಹಿರಿಯೂರು, ಐಮಂಗಲಗಳ ಕಡೆಗೆ ಮುಖ ಮಾಡಲಿಲ್ಲ. ದುರ್ಗಕ್ಕೂ ಚಿಕ್ಕಜಾಜೂರಿನಿಂದ ಒಂದು ಕವಲುಹಾದಿ ಮಾತ್ರ ದೊರೆಯಿತು. ಹೀಗಾಗಿ ಈ ಸೀಮೆಯ ಹತ್ತಿ, ಕಡಲೆಕಾಯಿ, ತೆಂಗು, ರಾಗಿ ಎಲ್ಲವೂ ರಸ್ತೆಯನ್ನೇ ನಂಬಬೇಕಾಯಿತು. ರೈಲಿದ್ದ ಊರಿನಲ್ಲಿ ಶಾಖದ ಚಿಂತೆ ರೈಲಿನವರದು. ಇಲ್ಲಿ ಅದು ರಸ್ತೆಯ ಪಕ್ಕದ ಮನೆಯವರೆಲ್ಲರ ಚಿಂತೆಯಾಯಿತು.

ಎತ್ತಿನ ಗಾಡಿಯ ಕಾಲದಲ್ಲಿಯೂ ಈ ಚಿಂತೆ ಇಲ್ಲದಿರಲಿಲ್ಲ. ಎತ್ತಿನ ಮೈಯ ಸಹಜ ಶಾಖ ಸುಮಾರು 38.5 ಡಿಗ್ರಿ, ಅದು ಮೂರು ನಾಲ್ಕು ಡಿಗ್ರಿ ಏರಿದರೆ ಪ್ರಾಣಿಯ ಜೀವಕ್ಕೇ ಅಪಾಯ. ಗಾಡಿಯವನ ಬಳಿ ಉಷ್ಣಮಾಪಕವಿರಲಿಲ್ಲ; ಅವನು ಎತ್ತಿನ ಕಿವಿಯ ಬುಡವನ್ನು ಮುಟ್ಟಿ, ಮೂತಿಯ ಪಸೆಯನ್ನು ನೋಡಿ, ಏದುಸಿರಿನ ವೇಗವನ್ನು ಆಲಿಸಿ ನಿರ್ಧರಿಸುತ್ತಿದ್ದನು. ಬೇಸಗೆಯಲ್ಲಿ ಹೊತ್ತು ಮುಳುಗಿದ ಮೇಲೆ ಹೂಡಿ, ಬೆಳಗಿನ ಜಾವದಲ್ಲಿ ನೊಗ ಇಳಿಸಿ, ಹಗಲೆಲ್ಲ ಸಾಲುಮರದ ನೆರಳಿನಲ್ಲಿ ಕಳೆಯುವುದು ಅವನ ರೂಢಿ. ದಾರಿಹೋಕರಿಗೆ ಅರವಟ್ಟಿಗೆ, ದನಗಳಿಗೆ ಕಲ್ಲಿನ ತೊಟ್ಟಿ ಇವನ್ನು ಪುಣ್ಯಕಾರ್ಯವೆಂದೇ ನಮ್ಮವರು ನಡೆಸಿಕೊಂಡು ಬಂದರು. ಮುಂದೆ ಮೋಟಾರು ಬಂದಾಗ ಅದಕ್ಕೆ ನೀರು ಕೊಡಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಎತ್ತು ನಿಂತಿದ್ದ ಸ್ಥಳದಲ್ಲಿ ಎಂಜಿನ್ನು ನಿಂತಿತು. ತೊಟ್ಟಿ ಅದೇ, ಬಾವಿ ಅದೇ.

ಎಂಜಿನ್ನು ಏಕೆ ಬಾಯಾರುತ್ತದೆಂಬುದನ್ನು ಇಲ್ಲಿ ಕೊಂಚ ವಿವರಿಸುವುದು ಅಗತ್ಯ. ಅದರ ಉರುಳೆಯೊಳಗೆ ಪೆಟ್ರೋಲು ಉರಿಯುವಾಗ ಅನಿಲದ ಶಾಖ ಕ್ಷಣಮಾತ್ರ 2000 ಡಿಗ್ರಿಯನ್ನೂ ಮೀರುತ್ತದೆ. ಎರಕದ ಕಬ್ಬಿಣ ಕರಗಲು ಅಷ್ಟೂ ಬೇಕಿಲ್ಲ. ಉರಿದ ಎಣ್ಣೆಯ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಚಕ್ರವನ್ನು ತಿರುಗಿಸಲು ವ್ಯಯವಾದರೆ, ಇನ್ನೊಂದು ಪಾಲು ಹೊಗೆಕೊಳವೆಯಲ್ಲಿ ಹೊರಟುಹೋಗುತ್ತದೆ; ಉಳಿದ ಪಾಲನ್ನು ಲೋಹದಿಂದ ಹೀರಿ ಗಾಳಿಗೆ ಒಪ್ಪಿಸುವ ಹೊಣೆ ನೀರಿನದು. ಮೊದಮೊದಲ ಮೋಟಾರುಗಳಲ್ಲಿ ನೀರು ಕುದಿದು ಆವಿಯಾಗಿಯೇ ಶಾಖವನ್ನು ಕಳೆಯುತ್ತಿತ್ತು. 1901ರ ಹೊತ್ತಿಗೆ ಜರ್ಮನಿಯ ವಿಲ್‌ಹೆಲ್ಮ್ ಮೇಬ್ಯಾಕನು ಮರ್ಸಿಡಿಸ್ ಕಾರಿಗಾಗಿ ಜೇನುಗೂಡಿನಂತೆ ಸಹಸ್ರಾರು ಸಣ್ಣ ಕೊಳವೆಗಳುಳ್ಳ ರೇಡಿಯೇಟರನ್ನು ರೂಪಿಸಿದ ಮೇಲೆ, ಅದೇ ನೀರನ್ನು ಮತ್ತೆ ಮತ್ತೆ ತಿರುಗಿಸಿ ತಣಿಸುವ ವಿಧಾನ ನೆಲೆಗೊಂಡಿತು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟೀ ವಾಹನಗಳ ಬಹುಪಾಲಿಗೆ ನೀರಿನ ಪಂಪೇ ಇರಲಿಲ್ಲ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣಿದದ್ದು ಭಾರವಾಗಿ ಕೆಳಗಿಳಿಯುತ್ತದೆ ಎಂಬ ಪ್ರಕೃತಿನಿಯಮವೇ ಅಲ್ಲಿ ಪಂಪು. ಈ ಏರ್ಪಾಡಿನಲ್ಲಿ ಒಂದು ಸೂಕ್ಷ್ಮವಿತ್ತು: ನೀರಿನ ಮಟ್ಟವು ಮೇಲಣ ಕೊಳವೆಯ ಬಾಯಿಗಿಂತ ಎರಡು ಬೆರಳು ಕೆಳಗಿಳಿದರೂ ಪ್ರವಾಹ ತುಂಡಾಗಿ, ಕೆಳಗೆ ಇನ್ನೂ ಸಾಕಷ್ಟು ನೀರಿದ್ದಂತೆಯೇ ಎಂಜಿನ್ನು ಕುದಿಯತೊಡಗುತ್ತಿತ್ತು. ಅಂಥ ಗಾಡಿಗೆ ದಾರಿಯಲ್ಲಿ ಒಂದು ಚೆಂಬು ನೀರು ಸಿಕ್ಕುವುದೂ ಸಿಕ್ಕದಿರುವುದೂ ಊರು ಸೇರುವುದರ ಪ್ರಶ್ನೆಯೇ ಆಗಿತ್ತು.

ಫೋರ್ಡ್, ಷೆವರ್ಲೆ, ಡಾಡ್ಜ್ ಮೊದಲಾದ ಹೆಸರುಗಳ ಖಾಸಗಿ ಬಸ್ಸುಗಳು ಮೈಸೂರು ಸೀಮೆಯ ರಸ್ತೆಗಳಲ್ಲಿ ಓಡಾಡತೊಡಗಿದ ಆ ದಿನಗಳಲ್ಲಿ ಬಸ್ಸಿನ ಸಿಬ್ಬಂದಿಯೆಂದರೆ ಡ್ರೈವರು, ಕಂಡಕ್ಟರು ಇವರಿಬ್ಬರೇ ಅಲ್ಲ, ಮೂರನೆಯವನಾಗಿ ಕ್ಲೀನರನೊಬ್ಬನಿರುತ್ತಿದ್ದನು. ಮುಂದುಗಡೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವಿ ಎಂಜಿನ್ನನ್ನು ಎಬ್ಬಿಸುವುದೂ, ನಿಂತಲ್ಲೆಲ್ಲ ಇಳಿದು ನೀರು ತರುವುದೂ ಅವನ ಕೆಲಸ. ಬಂಪರಿಗೆ ಜೋತುಬಿದ್ದ ದಪ್ಪಬಟ್ಟೆಯ ನೀರಿನ ಚೀಲವನ್ನು ಅವನು ಹೊರಡುವ ಮುನ್ನ ತುಂಬುತ್ತಿದ್ದನು. ಬಟ್ಟೆಯ ರಂಧ್ರಗಳಿಂದ ಜಿನುಗಿದ ನೀರು ಗಾಳಿಗೆ ಆರುತ್ತ ಒಳಗಿನದನ್ನು ತಂಪಾಗಿಡುತ್ತಿತ್ತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಬಸ್ಸಿನ ಹಿಂದೆ ಉಕ್ಕಿನ ಒಲೆ ಕಟ್ಟಿ ಇದ್ದಿಲು ಉರಿಸಿ ಅದರ ಅನಿಲದಿಂದ ಎಂಜಿನ್ನು ನಡೆಸುವ ಕಾಲ ಬಂದಾಗ ಈ ಚೀಲದ ಬೆಲೆ ಇನ್ನೂ ಹೆಚ್ಚಿತು. ಇದ್ದಿಲಿನ ಅನಿಲಕ್ಕೆ ಪೆಟ್ರೋಲಿನ ಬಲವಿಲ್ಲ. ಹಿರಿಯೂರಿನಿಂದ ದುರ್ಗದವರೆಗೆ ನೆಲವು ಕಣ್ಣಿಗೆ ಸಮವೆಂದು ಕಂಡರೂ ಕ್ರಮವಾಗಿ ನೂರು ಮೀಟರಿನಷ್ಟು ಏರುತ್ತ ಹೋಗುತ್ತದೆ; ಬಲಗುಂದಿದ ಬಸ್ಸು ಕೆಳಗಿನ ಗೇರಿನಲ್ಲಿ ತೆವಳುವಾಗ ಎಂಜಿನ್ನು ವೇಗವಾಗಿ ತಿರುಗುತ್ತದೆ, ಗಾಡಿ ನಿಧಾನವಾಗಿ ಸಾಗುತ್ತದೆ, ಮುಂದಿನಿಂದ ರೇಡಿಯೇಟರಿಗೆ ಬೀಸಬೇಕಾದ ಗಾಳಿ ಬೀಸುವುದಿಲ್ಲ. ಹಿಂದೆ ಇದ್ದಿಲೊಲೆ, ಮುಂದೆ ಕುದಿಯುವ ನೀರು, ನಡುವೆ ಪ್ರಯಾಣಿಕರು. ಏರು ಬಂದಲ್ಲಿ ಜನರು ತಾವಾಗಿ ಇಳಿದು ನಡೆದರೆಂದು ಹಿರಿಯರು ಹೇಳುತ್ತಿದ್ದುದನ್ನು ಕೇಳಿದ್ದೇನೆ.

1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಪ್ರಾರಂಭವಾಯಿತು. 1961ರ ಆಗಸ್ಟ್ 1ರಿಂದ ಅದು ನಿಗಮವಾಯಿತು. 1954ರಿಂದ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಿಂದ ಡೀಸೆಲ್ ಲಾರಿಗಳನ್ನು ತಯಾರಿಸತೊಡಗಿದ ಮೇಲೆ, ದುಂಡು ಮೂತಿಯ ಆ ಲಾರಿಗಳು ಪುಣೆ–ಬೆಂಗಳೂರು ರಸ್ತೆಯನ್ನು ಆಕ್ರಮಿಸಿದುವು. ನನ್ನ ಸ್ವಂತ ನೆನಪು ಪ್ರಾರಂಭವಾಗುವುದು ಈ ಲಾರಿಗಳಿಂದ.

ನಮ್ಮ ಮನೆ ರಸ್ತೆಗೆ ಸಮೀಪದಲ್ಲಿತ್ತು, ಹಿತ್ತಿಲಿನಲ್ಲಿ ಬಾವಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಡಲೆಕಾಯಿಯ ಮೂಟೆ ಹೇರಿದ ಲಾರಿಯೊಂದು ಮನೆಯ ಮುಂದೆ ನಿಂತು, ಕ್ಲೀನರ್ ಹುಡುಗ ಓಡಿಬಂದು, “ಅಜ್ಜೀ, ಗಾಡಿ ಕುದೀತಾ ಐತೆ, ಒಂದೆರಡು ಕೊಡ ನೀರು ಕೊಡ್ರವ್ವಾ” ಎಂದು ಕೇಳಿದನು. ಅಜ್ಜಿ ರಾಟೆಗೆ ಹಗ್ಗ ಹಾಕಿ ಸೇದಿ ಕೊಟ್ಟಳು. ಹುಡುಗನು ಆ ಕ್ಷಣವೇ ಮುಚ್ಚಳ ಬಿಚ್ಚಿ ಸುರಿಯಲು ಹೊರಟಾಗ ಅವಳು ಅವನ ಕೈ ಹಿಡಿದು, “ತಡಿಯಪ್ಪಾ, ಕಾದ ಹೆಂಚಿಗೆ ತಣ್ಣೀರು ಹುಯ್ದರೆ ಹೆಂಚು ಸೀಳ್ತೈತೆ, ಇದು ಸೀಳಲ್ವಾ?” ಎಂದಳು. ಡ್ರೈವರು ನಡುವಯಸ್ಸಿನವನು, ತಲೆಗೆ ಸುತ್ತಿದ್ದ ವಸ್ತ್ರವನ್ನು ಬಿಚ್ಚಿ ಮುಖ ಒರೆಸಿಕೊಂಡು, “ಅಜ್ಜಿ ಹೇಳೋದೇ ಸರಿ ಕಣೋ, ಕೂತ್ಕೊ” ಎಂದು ಜಗಲಿಯ ಮೇಲೆ ಕುಳಿತನು. ಅರ್ಧ ಗಂಟೆಯ ಮೇಲೆ ನೆನೆಸಿದ ಗೋಣಿಯನ್ನು ಮುಚ್ಚಳದ ಮೇಲೆ ಹೊದಿಸಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಾಲುಸುತ್ತು ಮಾತ್ರ ತಿರುವಿ ನಿಲ್ಲಿಸಿದನು. ಸುಯ್ ಎಂದು ಆವಿ ಹೊರಟಿತು. ತುಕ್ಕಿನ ವಾಸನೆ, ಕಾದ ರಬ್ಬರಿನ ವಾಸನೆ, ಎಣ್ಣೆಯ ವಾಸನೆ ಸೇರಿದ ಆ ಗಂಧ ಇಂದಿಗೂ ನನ್ನ ಮೂಗಿನಲ್ಲಿದೆ. ಆ ಸದ್ದು ಪೂರ್ತಿ ಅಡಗಿದ ಮೇಲೆ ಮುಚ್ಚಳ ತೆಗೆದು, ಎಂಜಿನ್ನನ್ನು ಮೆಲ್ಲನೆ ಓಡಲು ಬಿಟ್ಟು, ಬಿಂದಿಗೆಯಿಂದ ನೂಲಿನಂತೆ ಸಣ್ಣ ಧಾರೆಯಾಗಿ ನೀರು ಬಿಡುತ್ತ ಬಂದನು. ಮೊದಲು ಬಂದುದು ಇಟ್ಟಿಗೆಯ ಬಣ್ಣದ ನೊರೆ. ಅನಂತರ ಗುಳುಗುಳು ಎಂದು ಗಾಳಿ ಹೊರಟು, ಮಟ್ಟ ಒಮ್ಮೆ ಕುಸಿದು, ಮತ್ತೆ ಏರಿ ನಿಂತಿತು.

ಅಜ್ಜಿಯ ಹೆಂಚಿನ ಮಾತಿನ ಹಿಂದಿರುವ ಶಾಸ್ತ್ರವನ್ನು ಅರಿಯಲು ನನಗೆ ಬಹಳ ವರ್ಷಗಳು ಬೇಕಾದುವು. ಕಾದ ಎರಕಕ್ಕೆ ತಣ್ಣೀರು ತಗುಲಿದರೆ ಮೇಲ್ಮೈ ಒಡನೆ ಕುಗ್ಗುತ್ತದೆ, ಒಳಮೈ ಹಿಗ್ಗಿದಂತೆಯೇ ಇರುತ್ತದೆ. ಈ ಎಳೆದಾಟದಲ್ಲಿ ಎಂಜಿನ್ನಿನ ಹೆಡ್ಡು ಸೀಳುತ್ತದೆ, ಇಲ್ಲವೆ ಬಾಗುತ್ತದೆ. ಬಾಗಿದ ಹೆಡ್ಡಿನ ಕೆಳಗಣ ಗ್ಯಾಸ್ಕೆಟ್ ಹೊಡೆದುಹೋಗಿ ನೀರು ಎಣ್ಣೆಗೂ ಎಣ್ಣೆ ನೀರಿಗೂ ಬೆರೆಯುತ್ತದೆ. ಬೆಂಕಿಯೂ ನೀರೂ ಹೀಗೆ ಹಠಾತ್ತಾಗಿ ಸಂಧಿಸಿದರೆ ಏನಾಗುವುದೆಂಬುದಕ್ಕೆ ಅತಿ ಪ್ರಾಚೀನ ಸಾಕ್ಷಿಯೊಂದು ಐಮಂಗಲದ ಆಸುಪಾಸಿನಲ್ಲಿಯೇ ಇದೆ. ಮರಡಿಹಳ್ಳಿಯ ಬಳಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ರಕ್ಷಿಸಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ಅಡಿಯಲ್ಲಿ ಉಕ್ಕಿದ ಲಾವಾರಸವು ನೀರು ತಾಕಿದೊಡನೆ ಹೊರಗೆ ಗಾಜಿನಂಥ ಸಿಪ್ಪೆ ಕಟ್ಟಿ, ಒಳಗೆ ಇನ್ನೂ ದ್ರವವಾಗಿದ್ದು, ಉಬ್ಬಿ ಉರುಳಿ ದಿಂಬಿನ ಆಕಾರ ತಾಳಿತು. ಒಂದು ಕಾಲದಲ್ಲಿ ಕಡಲೇ ಬೆಂಕಿಯನ್ನು ತಣಿಸಿದ ಈ ನೆಲದಲ್ಲಿ ಒಂದು ಲಾರಿಯನ್ನು ತಣಿಸುವಷ್ಟು ನೀರಿಗೆ ನಾವು ಬಾವಿಯ ತಳವನ್ನು ನೋಡಬೇಕಾಗಿ ಬಂತಲ್ಲ ಎಂದು ಆ ಬಂಡೆಗಳ ಮುಂದೆ ನಿಂತಾಗಲೆಲ್ಲ ನನಗೆ ಅನ್ನಿಸಿದೆ.

ಆ ಬಾವಿಯ ನೀರಾದರೂ ಎಂಥದು? ಚಿತ್ರದುರ್ಗದ ಅಂತರ್ಜಲ ಗಡಸು. ಬಹುಕಡೆ ಅದರಲ್ಲಿ ಫ್ಲೋರೈಡೂ ಉಂಟು. ಕೋಟೆಯ ಕೆಳಗಣ ಊರಿನಲ್ಲಿ ಒಂದು ಹೊಂಡಕ್ಕೆ ಸಿಹಿನೀರು ಹೊಂಡವೆಂದು ಬೇರೆಯಾಗಿ ಹೆಸರಿಟ್ಟುದರಿಂದಲೇ, ಉಳಿದ ನೀರು ನಾಲಿಗೆಗೆ ಹೇಗಿತ್ತೆಂಬುದನ್ನು ಊಹಿಸಬಹುದು. ನಮ್ಮ ಬಚ್ಚಲಿನ ತಾಮ್ರದ ಹಂಡೆಯ ಒಳಮೈಯಲ್ಲಿ ಬೆರಳಿನ ಉಗುರಿನಷ್ಟು ದಪ್ಪ ಬಿಳಿಯ ಹಕ್ಕಳೆ ಕಟ್ಟುತ್ತಿತ್ತು. ವರ್ಷಕ್ಕೊಮ್ಮೆ ಹುಣಿಸೆಹಣ್ಣು ಹಾಕಿ ತಿಕ್ಕಿ ಕೆರೆದು ತೆಗೆಯಬೇಕಾಗಿತ್ತು. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ಸುಣ್ಣದ ಅಂಶ ಕಾಯಿಸಿದಾಗ ಒಡೆದು ಕಲ್ಲಾಗಿ ಕೂರುತ್ತದೆ. ಹಂಡೆಗೆ ಆದದ್ದೇ ಎಂಜಿನ್ನಿಗೂ ಆಗುತ್ತದೆ. ವ್ಯತ್ಯಾಸವಿಷ್ಟೆ, ಹಂಡೆಯೊಳಗೆ ಕೈ ಹಾಕಬಹುದು, ರೇಡಿಯೇಟರಿನ ಕೊಳವೆಯೊಳಗೆ ಕಡ್ಡಿ ತೂರಿಸುವುದೂ ಕಷ್ಟ. ತಾಮ್ರಕ್ಕೆ ಹೋಲಿಸಿದರೆ ಈ ಸುಣ್ಣದ ಪದರವು ಶಾಖವನ್ನು ಸಾಗಿಸುವುದರಲ್ಲಿ ನೂರಕ್ಕೂ ಹೆಚ್ಚು ಪಟ್ಟು ಸೋಮಾರಿ. ಆದುದರಿಂದ ಕುದಿದಾಗಲೆಲ್ಲ ಬಾವಿನೀರು ತುಂಬಿಸಿಕೊಂಡ ಗಾಡಿ ಮುಂದಿನ ಬೇಸಗೆಯಲ್ಲಿ ಇನ್ನೂ ಬೇಗ ಕುದಿಯಿತು. ಬೇಗ ಕುದಿದದ್ದರಿಂದ ಇನ್ನಷ್ಟು ಬಾವಿನೀರು ಕುಡಿಯಿತು. ನಾವು ದಯೆಯಿಂದ ಕೊಟ್ಟ ಒಂದೊಂದು ಕೊಡದಲ್ಲಿಯೂ ಚಿಟಿಕೆಯಷ್ಟು ಕಲ್ಲನ್ನು ಬೆರೆಸಿ ಕೊಟ್ಟಿದ್ದೆವು. ಇದನ್ನು ತಿಳಿದ ಹಳೆಯ ಡ್ರೈವರುಗಳು ಮಳೆಗಾಲದಲ್ಲಿ ಸೂರಿನ ನೀರನ್ನು ಡಬ್ಬಗಳಲ್ಲಿ ಹಿಡಿದಿಟ್ಟುಕೊಂಡು, ಬೇಸಗೆಯಲ್ಲಿ ರೇಡಿಯೇಟರಿಗೆ ಅದನ್ನೇ ಹಾಕುತ್ತಿದ್ದರು. ಕುಡಿಯುವುದಕ್ಕೆ ಬಾವಿನೀರು, ಗಾಡಿಗೆ ಮಳೆನೀರು!

ಈ ಕಲ್ಲನ್ನು ತೆಗೆಯುವ ಕಸುಬು ಒಂದು ಬೆಳೆಯಿತು. ದುರ್ಗದ ಒಂದು ಗಲ್ಲಿಯಲ್ಲಿ ರೇಡಿಯೇಟರ್ ಕೆಲಸದ ಸಣ್ಣ ಅಂಗಡಿಯ ಮುಂದೆ ನಾನು ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಕಲಾಯಿಯವರ ಕಸುಬಿಗೆ ಈ ಕಸುಬು ಹತ್ತಿರದ ಬಂಧು: ಅದೇ ತವರ, ಅದೇ ನವಸಾಗರದ ಘಾಟು, ಅದೇ ತಿದಿ. ಮೇಸ್ತ್ರಿಯು ಹಿತ್ತಾಳೆಯ ಮೇಲ್ತೊಟ್ಟಿಯ ಬೆಸುಗೆಯನ್ನು ಕಾಯಿಸಿ ಬಿಡಿಸಿ, ತೆರೆದ ಕೊಳವೆಗಳ ಸಾಲಿನೊಳಗೆ ಚಪ್ಪಟೆಯಾದ ಉಕ್ಕಿನ ಪಟ್ಟಿಯನ್ನು ಒಂದೊಂದಾಗಿ ಇಳಿಸಿ ಎಳೆಯುತ್ತಿದ್ದನು. ಪ್ರತಿ ಎಳೆತಕ್ಕೂ ರಂಗೋಲಿಪುಡಿಯಂಥ ಬಿಳಿಯ ಪುಡಿ ಕೆಳಗೆ ಉದುರುತ್ತಿತ್ತು. ಆಮೇಲೆ ಕಾಸ್ಟಿಕ್ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ನೆನೆಹಾಕಿ, ತೊಳೆದು, ತೊಟ್ಟಿಯನ್ನು ಮರಳಿ ಬೆಸೆಯುವನು. ಕೊನೆಯ ಪರೀಕ್ಷೆ ನೋಡಲು ಚೆಂದ. ಬಾಯಿಗಳನ್ನೆಲ್ಲ ರಬ್ಬರಿನಿಂದ ಬಿಗಿದು, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಇಡೀ ರೇಡಿಯೇಟರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಅವನು ಉಸಿರು ಬಿಗಿಹಿಡಿದು ಬಾಗಿ ನೋಡುತ್ತಿದ್ದನು. ಎಲ್ಲಿಯೋ ಒಂದು ಸಂದಿನಿಂದ ಸಾಸಿವೆಕಾಳಿನಷ್ಟು ಗುಳ್ಳೆ ಮೇಲೇಳುವುದು. ಅದು ಕಣ್ಣಿಗೆ ಬೀಳುವ ಮೊದಲೇ ಅವನ ಬೆರಳು ಆ ಜಾಗವನ್ನು ಮುಟ್ಟಿಬಿಟ್ಟಿರುತ್ತಿತ್ತು. ಸೀಮೆಸುಣ್ಣದಿಂದ ಗುರುತು ಹಾಕಿ, ಮೇಲೆತ್ತಿ, ಒರೆಸಿ, ಒಂದು ಹನಿ ತವರ. ವಿದ್ಯೆಯೆಂದರೆ ಇಂಥದು ಎಂದು ನಾನು ಗೌರವದಿಂದ ನಂಬಿದ್ದೇನೆ.

ಆದರೆ ನಮ್ಮ ಸೀಮೆಯ ಕೆಲವು ಮೇಸ್ತ್ರಿಗಳಲ್ಲಿ ಒಂದು ತಪ್ಪು ನಂಬಿಕೆಯೂ ಬೇರೂರಿತ್ತು. ಅದರಿಂದಾದ ನಷ್ಟ ಅಲ್ಪವಲ್ಲ. ಎಂಜಿನ್ನಿನಿಂದ ಮೇಲ್ಕೊಳವೆಗೆ ನೀರು ಹೊರಡುವ ಬಾಯಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ಕವಾಟವೊಂದು ಕುಳಿತಿರುತ್ತದೆ. ಎಂಜಿನ್ನು ತಣ್ಣಗಿರುವಾಗ ಅದು ಮುಚ್ಚಿಕೊಂಡು ನೀರನ್ನು ಒಳಗೇ ತಿರುಗಿಸುತ್ತದೆ. ಶಾಖ 80 ಡಿಗ್ರಿಯ ಆಸುಪಾಸಿಗೆ ಬಂದಾಗ ತೆರೆದುಕೊಂಡು ರೇಡಿಯೇಟರಿಗೆ ದಾರಿ ಬಿಡುತ್ತದೆ. ಇದು ಚಳಿದೇಶದವರ ಏರ್ಪಾಡು, ನಮ್ಮ ಬಿಸಿಲುಸೀಮೆಗೆ ಬೇಡ, ತೆಗೆದರೆ ಗಾಡಿ ತಣ್ಣಗಿರುತ್ತದೆ ಎಂಬ ವಾದದಿಂದ ಅದನ್ನು ಕಿತ್ತೆಸೆದ ಗಾಡಿಗಳಿಗೆ ಲೆಕ್ಕವಿಲ್ಲ. ನಾನು ಹಳೆಯ ಅಂಬಾಸಡರ್ ಕಾರೊಂದನ್ನು ಕೊಂಡಾಗ ಅದೂ ಅಂಥದೇ ಆಗಿತ್ತು, ನನಗದು ಗೊತ್ತಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಐಮಂಗಲದಿಂದ ದುರ್ಗ ಮುಟ್ಟಿದರೂ ಶಾಖದ ಮುಳ್ಳು ತಳದಿಂದ ಏಳುತ್ತಿರಲಿಲ್ಲ. ಪೆಟ್ರೋಲು ನೀರಿನಂತೆ ಖರ್ಚಾಗುತ್ತಿತ್ತು. ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದರೆ ಅದರ ಒಳಗೆ ಬೆಣ್ಣೆಯಂಥ ಬಿಳಿಯ ಕೆಸರು. ಒಬ್ಬ ಮೇಸ್ತ್ರಿ ಅದನ್ನು ಕಂಡು ಗ್ಯಾಸ್ಕೆಟ್ ಹೊಡೆದಿದೆಯೆಂದು ಹೆಡ್ಡನ್ನೇ ಇಳಿಸಿದನು, ಗ್ಯಾಸ್ಕೆಟ್ ನೆಟ್ಟಗಿತ್ತು. ವಾರಗಟ್ಟಲೆ ಕಾರು ಅಲ್ಲಿಯೇ ನಿಂತಿತು, ಕೈಯಲ್ಲಿದ್ದ ಹಣವೂ ಹೋಯಿತು. ಮತ್ತೊಬ್ಬ ವೃದ್ಧನು ಬೇರೇನನ್ನೂ ಮುಟ್ಟದೆ ಎರಡು ಬೋಲ್ಟು ಬಿಚ್ಚಿ, ಕವಾಟವಿರಬೇಕಾದ ಖಾಲಿ ಗೂಡನ್ನು ನನಗೆ ತೋರಿಸಿ, “ಸ್ವಾಮೀ, ಇದಕ್ಕೆ ಜ್ವರ ಅಲ್ಲ, ಶೀತ” ಎಂದನು.

ಆ ಮಾತು ನನ್ನ ಕಣ್ಣು ತೆರೆಸಿತು. ನಾವು ಕುದಿಯುವುದನ್ನು ಮಾತ್ರ ರೋಗವೆಂದು ಎಣಿಸಿದ್ದೆವು; ಎಂಜಿನ್ನು ಸಾಕಷ್ಟು ಕಾಯದಿರುವುದೂ ರೋಗವೇ. ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿಯು ತಣ್ಣನೆಯ ಲೋಹಕ್ಕೆ ತಗುಲಿ ಹನಿಯಾಗಿ ಎಣ್ಣೆಗೆ ಇಳಿಯುತ್ತದೆ. ಉರಿಯದ ಪೆಟ್ರೋಲು ಉರುಳೆಯ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ಸವೆತ ದಿನದಿನಕ್ಕೆ ಹೆಚ್ಚುತ್ತದೆ. ಹಳೆಯ ಗಾಡಿಯೊಂದು ಆರೋಗ್ಯದಿಂದಿದೆಯೆಂದರೆ ಅದರ ನೀರು 80ರಿಂದ 90 ಡಿಗ್ರಿಯ ನಡುವೆ ನೆಲೆನಿಂತಿದೆಯೆಂದು ಅರ್ಥ, ತಂಪಾಗಿದೆಯೆಂದಲ್ಲ. ಇದಕ್ಕೆ ಕನ್ನಡದಲ್ಲಿ ಒಂದೇ ಶಬ್ದ ಉಂಟು, ಹದ. ಬಿತ್ತನೆಗೆ ಮಣ್ಣಿನ ಹದ, ಬೆಲ್ಲಕ್ಕೆ ಪಾಕದ ಹದ, ಕುಡುಗೋಲಿಗೆ ಕಮ್ಮಾರನು ಕೊಡುವ ಹದ, ಎಂಜಿನ್ನಿಗೂ ಅದೇ. ಈ ಶಬ್ದವನ್ನು ದಿನವೂ ಬಳಸುವ ಸೀಮೆಯಲ್ಲಿ ಅದನ್ನು ಕಾಯುವ ಕವಾಟವನ್ನೇ ಕಿತ್ತೆಸೆದರಲ್ಲ ಎಂಬುದು ನನಗೆ ಇಂದಿಗೂ ವ್ಯಥೆಯ ವಿಷಯ.

ಮುಚ್ಚಳದ ಕಥೆಯೂ ಹೀಗೆಯೇ. ದುರ್ಗವಿರುವುದು ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ತಗ್ಗಿರುವುದರಿಂದ ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ 100 ಡಿಗ್ರಿಯವರೆಗೆ ಕಾಯದೆ, 97–98 ಡಿಗ್ರಿಗೇ ಕುದಿಯುತ್ತದೆ. ಚದರ ಅಂಗುಲಕ್ಕೆ 7 ಪೌಂಡಿನ ಒತ್ತಡವನ್ನು ತಡೆಹಿಡಿಯುವ ಸ್ಪ್ರಿಂಗಿನ ಮುಚ್ಚಳ ಹಾಕಿದರೆ ಆ ಮಿತಿ ಸುಮಾರು 12 ಡಿಗ್ರಿ ಮೇಲೇರುತ್ತದೆ. ಹೀಗಿರುವಾಗ ಮುಚ್ಚಳದ ರಬ್ಬರು ಒಣಗಿ ಬಿರಿದುದನ್ನು ಲೆಕ್ಕಿಸದೆ, ಅದರ ಬದಲು ಬಟ್ಟೆ ತುರುಕಿ ಓಡಿಸಿದವರನ್ನು ನಾನೇ ಕಂಡಿದ್ದೇನೆ. ಹಳೆಯ ಗಾಡಿಯ ಕುದಿತಕ್ಕೆ ಕಾರಣ ಬಹುಮಟ್ಟಿಗೆ ದೊಡ್ಡದಾಗಿರುವುದಿಲ್ಲ: ಸಡಿಲವಾದ ಫ್ಯಾನ್ ಬೆಲ್ಟು, ಒಳಪದರ ಕಳಚಿ ಹೀರಿಕೊಂಡಾಗ ಚಪ್ಪಟೆಯಾಗುವ ಕೆಳಗಿನ ಹೋಸ್ ಪೈಪು, ರೇಡಿಯೇಟರಿನ ಎಸಳುಗಳ ನಡುವೆ ತುಂಬಿದ ಸತ್ತ ಹುಳುಗಳೂ ಹುಲ್ಲಿನ ಸಿಬಿರೂ, ಪಂಪಿನ ಕೆಳಗೆ ದಿನಕ್ಕೆ ನಾಲ್ಕು ಹನಿ. ಅನುಭವಸ್ಥ ಡ್ರೈವರು ಮೀಟರನ್ನು ನೋಡುವುದರ ಜೊತೆಗೆ ಕೈಯಿಂದಲೂ ನೋಡುತ್ತಿದ್ದನು. ಮೇಲಿನ ಪೈಪು ಕೈ ಇಡಲಾಗದಷ್ಟು ಬಿಸಿಯಾಗಿ, ಕೆಳಗಿನದು ಅದಕ್ಕಿಂತ ಕಡಿಮೆ ಬಿಸಿಯಿದ್ದರೆ ರೇಡಿಯೇಟರು ತನ್ನ ಕೆಲಸ ಮಾಡುತ್ತಿದೆ. ಕೆಳಗಿನದು ತಣ್ಣಗೇ ಉಳಿದಿದ್ದರೆ ದಾರಿ ಎಲ್ಲಿಯೋ ಕಟ್ಟಿದೆ. ಎತ್ತಿನ ಕಿವಿಯನ್ನು ಮುಟ್ಟುತ್ತಿದ್ದ ಗಾಡಿಯವನ ಕೈಯೇ ಅದು.

ಈ ಶತಮಾನದ ಆರಂಭದಲ್ಲಿ, ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿದ್ದ ನಮ್ಮ ಈ ದಾರಿ ನಾಲ್ಕು ಪಥಗಳಾಗಿ ಅಗಲವಾಯಿತು, ಸಂಖ್ಯೆ ಬದಲಾಗಿ ಈಗ 48 ಆಗಿದೆ. ಸಾಲುಮರಗಳು ಹೋದುವು. ಗುಯಿಲಾಳಿನ ಸುಂಕದ ಕಟ್ಟೆ ಬಂತು. ಹೊಸ ಗಾಡಿಗಳ ರೇಡಿಯೇಟರು ಅಲ್ಯುಮಿನಿಯಮ್ಮಿನದು, ತೊಟ್ಟಿ ಪ್ಲಾಸ್ಟಿಕ್ಕಿನದು, ಫ್ಯಾನು ವಿದ್ಯುತ್ತಿನದು. ಅದರೊಳಗೆ ಓಡುವುದು ತುಕ್ಕನ್ನು ತಡೆಯುವ, ಕುದಿಯುವ ಮಿತಿಯನ್ನು ಏರಿಸುವ ಬಣ್ಣದ ಕೂಲಂಟು. ತವರದ ಹನಿ ಅದಕ್ಕೆ ಅಂಟುವುದಿಲ್ಲ. ಒಡೆದರೆ ಹೊಸದನ್ನೇ ಹಾಕಬೇಕು. ಗಲ್ಲಿಯ ಆ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರ ಬಳಿಕ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಾಗ, 89 ವರ್ಷಗಳಲ್ಲಿ ಕಾಣದ ನೀರನ್ನು ನೋಡಲು ನಾನೂ ಹೋಗಿದ್ದೆ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ಫ್ಲೋರೈಡನ್ನೂ ಸುಣ್ಣವನ್ನೂ ಸೋಸಿದ ಆ ನೀರು, ನಮ್ಮ ಹಳೆಯ ಡ್ರೈವರುಗಳು ಸೂರಿನಡಿ ಹಿಡಿದಿಡುತ್ತಿದ್ದ ಮಳೆನೀರಿನಷ್ಟೇ ಮೃದು.

ಕಳೆದ ಬೇಸಗೆಯಲ್ಲಿ, ಸರ್ವಿಸ್ ರಸ್ತೆಯ ಬದಿಗೆ ಬಹಳ ಹಳೆಯ ಲಾರಿಯೊಂದು ಹಬೆಯೇಳುತ್ತ ಬಂದು ನಿಂತಿತು. ಪಕ್ಕದ ಮನೆಯ ಹುಡುಗನು ಘಟಕದಿಂದ 20 ಲೀಟರಿನ ಕ್ಯಾನು ಹೊತ್ತು ಓಡಿದನು. ನಾನು ಜಗಲಿಯಿಂದಲೇ, “ತಡಿಯಪ್ಪಾ, ಆರ್ಲಿ” ಎಂದು ಕೂಗಿದೆ. ಡ್ರೈವರು ತಿರುಗಿ ನೋಡಿ ನಕ್ಕು, ಬಂದು ನನ್ನ ಪಕ್ಕದಲ್ಲಿ ಕುಳಿತನು. ಬಿಸಿಲು ಸ್ವಲ್ಪ ವಾಲಿದ ಮೇಲೆ ಅವನು ಎದ್ದು ಹೋಗಿ ಮೇಲಿನ ಪೈಪಿನ ಮೇಲೊಮ್ಮೆ, ಕೆಳಗಿನದರ ಮೇಲೊಮ್ಮೆ ಕೈಯಿಟ್ಟು ನೋಡಿ, ನೆನೆಸಿದ ಗೋಣಿಯನ್ನು ಮುಚ್ಚಳದ ಮೇಲೆ ಹಾಕಿದನು. ಕ್ಯಾನಿನ ನೀರು ಸಣ್ಣ ಧಾರೆಯಾಗಿ ಒಳಗಿಳಿಯಿತು. ಎಂಜಿನ್ನು ಎದ್ದಿತು, ಮುಳ್ಳು ಮೆಲ್ಲಮೆಲ್ಲನೆ ಏರಿ, ನಡುವಿಗೆ ಬಂದು, ಅಲ್ಲಿಯೇ ನಿಂತಿತು.